ಗೋಡೆಯಾಚೆಯ ರೊಟ್ಟಿ ಸದ್ದು

೮ ಜನವರಿ ೧೯೫೧, ಸೋಮವಾರ. ಬೆಳಿಗ್ಗೆ.

‘ಹಸಿವಿಗೆ ಸದ್ದಿಲ್ಲ, ಹಸಿದವಗೆ...’ ಮುಂದೇನು? ಕಾಲೇಜಿನ ದಿನಗಳಲ್ಲಿ ಯಾರೋ ಓದಿದ ಪದ್ಯ. ಒಲೆಗೆ ಸೌದೆ ಇಡುವಾಗ ನೆನಪಾಯಿತು, ಅರ್ಧಕ್ಕೇ ನಿಂತಿತು. ನಿಜವೇ ಅದು? ಸದ್ದೇ ಇಲ್ಲದ್ದನ್ನು ಜೋಳ ಹಂಚುವ ಕಮಿಟಿಯವರು ಪತ್ತೆ ಹಚ್ಚುವುದು ಹೇಗೆ?

ರೇಶನ್ ಮತ್ತೆ ಕಡಿಮೆಯಾಗಿದೆ. ಬೆಟಗೇರಿಯಲ್ಲಿ ನೂಲಿಲ್ಲದೆ ಮಗ್ಗಗಳು ನಿಂತಿವೆ. ಗದಗಿನ ಅಡತಿ ವ್ಯಾಪಾರಿಯೊಬ್ಬರು ನಮ್ಮ ಮಹಿಳಾ ಸಮಾಜಕ್ಕೆ ಜೋಳ ಕೊಡಲು ಒಪ್ಪಿದ್ದಾರೆ — ಸುಗ್ಗಿಯವರೆಗೆ, ಪ್ರತಿ ಮಂಗಳವಾರ, ಮನೆಗೆ ನಾಲ್ಕು ಸೇರು. ಕಾರ್ಡು ಮೂವತ್ತು. ಓಣಿಯಿಂದ ಬಂದ ಹೆಸರು ನಲವತ್ತೆರಡು. ಗುರುವಾರದೊಳಗೆ ಹನ್ನೆರಡು ಹೊಡೆದು ಹಾಕಬೇಕು. ಆ ಕೆಲಸ ನನ್ನದು.

ಸಮಾಜದ ಕಾರ್ಯದರ್ಶಿ ಅಂಬುಬಾಯಿ ನಿನ್ನೆ ಹೇಳಿದರು: “ಒಳಗ ಹೋಗ್ರಿ. ಮಡಕಿ ಮುಚ್ಚಳಾ ತಗದು ನೋಡ್ರಿ. ಬಾಯಿಲೆ ಕೇಳಿದ್ರ ಎಲ್ಲಾರೂ ಇಲ್ಲಾ ಅಂತಾರ.”

“ಮಂದಿ ಮಡಕಿ ಇಣುಕಿ ನೋಡೂದು ನನ್ನ ಕಡಿಂದ ಆಗೂದಿಲ್ಲ್ರೀ.”

“ಎಂ.ಎ. ಆದವರದು ಇದ ತ್ರಾಸ ನೋಡ್ರಿ. ಹಸಿವ್ಯಾಗೂ ಛಂದಸ್ಸು ಹುಡುಕತೀರಿ.”

ಪಕ್ಕದ ಮನೆಯ ಫಕ್ಕೀರವ್ವನ ಹೆಸರು ನಾನೇ ಬರೆದದ್ದು. ಅವಳ ಮಗ್ಗ ನಿಂತು ತಿಂಗಳಾಯಿತು. ಗಂಡನಿಲ್ಲ. ಮಗ ಮೂಕಪ್ಪ ರಸ್ತೆ ಕೆಲಸ ಹುಡುಕಿಕೊಂಡು ಮುಂಡರಗಿ ಕಡೆ ಹೋದವನು, ಖಬರಿಲ್ಲ. ಮನೆಯಲ್ಲಿ ಬಾಣಂತಿ ಬೇರೆ. ಮಗಳು ಮಂಜವ್ವ, ಲಕ್ಷ್ಮೇಶ್ವರಕ್ಕೆ ಕೊಟ್ಟವಳು, ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ. ಕೂಸಿಗೆ ಹದಿನೆಂಟು ದಿನ.

ದಿನಾ ಬೆಳಿಗ್ಗೆ ಸಗಣಿ ಕುಳ್ಳಿನ ಚೂರು ಹಿಡಿದು ಬಂದು ನನ್ನ ಒಲೆಯಿಂದ ಕೆಂಡ ಒಯ್ಯುವಳು ಫಕ್ಕೀರವ್ವ. ಒಯ್ಯುವಾಗ ಒಂದು ಚೇಷ್ಟೆಯ ಮಾತು. ಈ ವಾರ ಬಂದೇ ಇಲ್ಲ. ಕಡ್ಡಿಪೆಟ್ಟಿಗೆ ಕೊಂಡಿರಬೇಕು.

೯ ಜನವರಿ, ಮಂಗಳವಾರ. ಬೆಳಿಗ್ಗೆ ಆರೂವರೆ.

ಉಪಾಯ ಹೊಳೆದಿದೆ. ಬಾಗಿಲು ತಟ್ಟುವುದು ಬೇಡ, ಒಳಗೆ ಹೋಗುವುದೂ ಬೇಡ. ಶಾಲು ಹೊದ್ದು ಓಣಿಯಲ್ಲಿ ನಡೆದರೆ ಸಾಕು. ಹಿಟ್ಟಿರುವ ಮನೆಯಲ್ಲಿ ಈ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಬರುತ್ತದೆ. ಇಲ್ಲದ ಮನೆಯಲ್ಲಿ ಬರುವುದಿಲ್ಲ. ಯಾರ ಮಾನಕ್ಕೂ ಕೈ ಹಾಕಿದಂತಾಗದು.

ಅಲ್ಮಾಸಬಿಯ ಮನೆ — ಏನೂ ಇಲ್ಲ. ಹೊಳೆಯಪ್ಪನ ಮನೆ — ಮಕ್ಕಳ ಕೆಮ್ಮು ಮಾತ್ರ. ಫಕ್ಕೀರವ್ವನ ಮನೆ — ಪಟ ಪಟ ಪಟ. ಸ್ವಲ್ಪ ತಡೆದು ಮತ್ತೆ ಪಟ ಪಟ ಪಟ.

ಕೇಳಿ ಹಗುರಾಯಿತು. ಅವಳು ಹೇಗೋ ನಡೆಸಿಕೊಂಡಿದ್ದಾಳೆ. ನಾಳೆಯೂ ಒಂದು ಸುತ್ತು ಹೋಗಿ ಬರುತ್ತೇನೆ, ಖಾತ್ರಿಗೆ.

೧೧ ಜನವರಿ, ಗುರುವಾರ. ಸಂಜೆ.

ಲಿಸ್ಟ್ ಕೊಟ್ಟೆ. ಕಮಿಟಿಯ ಅಧ್ಯಕ್ಷರು ಶ್ರೀಪಾದರಾಯರು, ರಿಟೈರಾದ ಹೆಡ್ ಕ್ಲಾರ್ಕ್, ಕನ್ನಡಕ ಏರಿಸಿ ಓದಿದರು. ಅಂಬುಬಾಯಿಯ ಬೆರಳು ಒಂದು ಹೆಸರಿನ ಮೇಲೆ ನಿಂತಿತು.

“ಫಕ್ಕೀರವ್ವನ್ನ ತಗದೀರಿ? ಮನ್ಯಾಗ ಬಾಣಂತಿ ಇದ್ದಾಳ.”

“ದಿನಾ ರೊಟ್ಟಿ ಮಾಡತಾಳ್ರೀ.”

“ಒಳಗ ಹೋಗಿ ನೋಡೀರೇನು?”

“ನೋಡೀನಿ,” ಅಂದೆ.

ನೋಡಿರಲಿಲ್ಲ. ಕೇಳಿದ್ದೆ. ಎರಡಕ್ಕೂ ಏನಂಥ ವ್ಯತ್ಯಾಸ ಎಂದುಕೊಳ್ಳುತ್ತ ಮನೆಗೆ ಬಂದೆ. ಅಷ್ಟರಲ್ಲಿ ಲಿಸ್ಟ್ ಮಠದ ಬಾಗಿಲಿಗೆ ಅಂಟಿಸಿಯಾಗಿತ್ತು.

೧೩ ಜನವರಿ, ಶನಿವಾರ. ಭೋಗಿ.

ಕೂಸು ಬೆಳಗಿನಿಂದ ಅಳುತ್ತಿದೆ. ಕೂಸು ಎಂದಮೇಲೆ ಅಳುತ್ತದೆ.

ಓಣಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ವಾಸನೆ, ಇದ್ದವರ ಮನೆಗಳಿಂದ. ಗೋಡೆಯಾಚೆಯೂ ಪಟ ಪಟ ಇವತ್ತು ಹೆಚ್ಚು ಹೊತ್ತು ನಡೆಯಿತು. ವಾಸನೆ ಮಾತ್ರ ಬರಲಿಲ್ಲ. ಗಾಳಿ ಆ ಕಡೆಗಿರಬೇಕು.

೧೪ ಜನವರಿ, ರವಿವಾರ. ಸಂಕ್ರಮಣ.

ಎಳ್ಳು-ಬೆಲ್ಲ ಕೊಡಲು ಹೋದೆ. ಬಾಗಿಲು ಅರೆ ತೆರೆದಿತ್ತು. ಪಟ ಪಟ ಪಟ. ಕರೆಯಲು ಬಾಯಿ ತೆರೆದವಳು ಹಾಗೇ ನಿಂತೆ.

ಫಕ್ಕೀರವ್ವ ನನಗೆ ಬೆನ್ನಾಗಿ ಕುಳಿತಿದ್ದಳು. ಮುಂದೆ ರೊಟ್ಟಿ ಬಡಿಯುವ ಹಲಗೆ. ಅದರ ಮೇಲೆ ಹಿಟ್ಟಲ್ಲ — ಒದ್ದೆ ಅರಿವೆ, ನಾಲ್ಕು ಮಡಿಕೆ. ಅದನ್ನೇ ಬಡಿಯುತ್ತಾಳೆ, ತಿರುವುತ್ತಾಳೆ. ನಡುವೆ ಕೈ ತಡೆಯುತ್ತಾಳೆ, ರೊಟ್ಟಿಯನ್ನು ಹಂಚಿಗೆ ಹಾಕುವಷ್ಟು ಹೊತ್ತು, ಸರಿಯಾಗಿ ಅಷ್ಟೇ. ಮತ್ತೆ ಬಡಿಯುತ್ತಾಳೆ. ಒಲೆಯ ಬೂದಿಯಲ್ಲಿ ಬೆಕ್ಕು ಮಲಗಿತ್ತು. ಒಳಗೆ ಮಂಜವ್ವ ಗೋಡೆಗೊರಗಿ ಕೂಸಿಗೆ ಮೊಲೆ ಕೊಡುತ್ತಿದ್ದಳು. ಕೂಸು ಹಿಡಿಯುವುದು, ಬಿಟ್ಟು ಅಳುವುದು, ಮತ್ತೆ ಹಿಡಿಯುವುದು.

ಪೊಟ್ಟಣ ಕಟ್ಟೆಯ ಮೇಲಿಟ್ಟು ಬಂದೆ. ಓಡಿ ಬಂದೆ ಎನ್ನಬೇಕು.

ಕೆಂಡಕ್ಕೆ ಬಾರದಿದ್ದುದು ಇದಕ್ಕೆ. ಹಚ್ಚುವುದಕ್ಕೆ ಏನಾದರೂ ಕಾರಣವಿದ್ದರಲ್ಲವೇ ಕೆಂಡ...

ಓಣಿಯ ತುದಿಯ ಮನೆ ಮಂಜವ್ವನ ಅತ್ತೆಯ ತಂಗಿಯದು. ತವರಿನಲ್ಲಿ ಬಾಣಂತಿಗೆ ಕೂಳಿಲ್ಲ ಎಂಬ ಮಾತು ಆ ಮನೆ ಮುಟ್ಟಿದರೆ ಅದೇ ದಿನ ಲಕ್ಷ್ಮೇಶ್ವರ ಮುಟ್ಟುತ್ತದೆ. ಬೀಗರು ಗಾಡಿ ಕಟ್ಟಿಕೊಂಡು ಬಂದು ಹಸಿ ಬಾಣಂತಿಯನ್ನು ಕರೆದೊಯ್ಯುತ್ತಾರೆ. ಮತ್ತೆ ಈ ಹೊಸ್ತಿಲು ತುಳಿಯಗೊಡುವುದಿಲ್ಲ. ಆ ಸದ್ದು ಅವರ ಕಿವಿಗೆಂದು ಮಾಡಿದ್ದು. ಬಿದ್ದದ್ದು ನನ್ನ ಕಿವಿಗೆ.

೧೫ ಜನವರಿ, ಸೋಮವಾರ.

ಶ್ರೀಪಾದರಾಯರ ಮನೆಗೆ ಹೋದೆ.

“ಒಂದು ಹೆಸರು ಹಾಕಬೇಕಂದ್ರ ಒಂದು ತಗೀಬೇಕು. ಯಾರನ್ನ ತಗೀಲಿ, ಹೇಳ್ರಿ. ಅಲ್ಮಾಸಬಿನ್ನೋ? ಹೊಳೆಯಪ್ಪನ್ನೋ?”

ರಾಯರು ಪೆನ್ಸಿಲನ್ನು ನನ್ನ ಕಡೆಗೆ ಸರಿಸಿದರು.

“ಅಲ್ರೀ, ನೀವ ನೋಡೀನಿ ಅಂದಿದ್ರೆಲ್ಲಾ?”

“ಸುಳ್ಳು ಹೇಳಿದೆ.”

ರಾಯರು ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿದರು. “ಮುಂದಿನ ತಿಂಗಳ ನೋಡೋಣಂತ.”

ಮುಂದಿನ ತಿಂಗಳು! ಕೂಸಿಗೆ ಇವತ್ತು ಇಪ್ಪತ್ತೈದು ದಿನ.

ದಾರಿಯಲ್ಲಿ ಇನ್ನೊಂದು ತಿಳಿಯಿತು. ಹಾಕಿದ್ದರೂ ಆ ಹೆಸರು ಮಠದ ಬಾಗಿಲ ಮೇಲೆ, ಎಲ್ಲರ ಕಣ್ಣ ಮುಂದೆ ಇರುತ್ತಿತ್ತು. ಅವಳು ಆ ಕಾರ್ಡು ಮುಟ್ಟುತ್ತಿರಲಿಲ್ಲ.

೧೬ ಜನವರಿ, ಮಂಗಳವಾರ. ಮಧ್ಯಾಹ್ನ.

ಹಿರೇಹಂದಿಗೋಳದಿಂದ ಅಣ್ಣ ಕಳಿಸಿದ ಜೋಳ ಬೀಸಿಸಿ, ಒಂದು ಬುಟ್ಟಿ ಹಿಟ್ಟು ಸೆರಗಿನಲ್ಲಿ ಮುಚ್ಚಿಕೊಂಡು ಹೋದೆ.

“ಇದೇನ್ರಿ ಅಕ್ಕಾರ?”

“ಹಿಟ್ಟು. ನನಗ ಹೆಚ್ಚಾಗೇದ. ಹುಳಾ ಬೀಳತದ.”

“ಹುಳಾ ಬಿದ್ರ ನಿಮ್ಮ ಬಾಗಿಲಿಗೆ ಬರೂ ಗುಡಿ ಬಸವಗ ಹಾಕ್ರಿ. ನಮ್ಮನ್ಯಾಗ ರೊಟ್ಟಿ ಬಡಿಯೂದು ಕೇಳಂಗಿಲ್ಲೇನು ನಿಮಗ? ನಡಕ ಒಂದ ಗ್ವಾಡಿ ಐತಿ.”

“ಕೇಳತದ.”

“ಮತ್ತ?”

ಬಾಗಿಲು ಹಾಕಿಕೊಂಡಳು. ಮೆಲ್ಲಗೆ. ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು.

೧೭ ಜನವರಿ, ಬುಧವಾರ.

ಬೆಳಿಗ್ಗೆ ಸದ್ದಿಲ್ಲ. ಅರಿವೆ ಬಡಿಯಲೂ ತೋಳಿನಲ್ಲಿ ಬಲವಿಲ್ಲವೇ? ಕೂಸೂ ಅಳುತ್ತಿಲ್ಲ. ಶಾಲೆಗೆ ಪಾಠಕ್ಕೆ ಹೋಗಲಿಲ್ಲ. ಗೋಡೆಗೆ ಕಿವಿ ಹಚ್ಚಿ ನಿಂತೆ. ಹನ್ನೊಂದರ ಸುಮಾರಿಗೆ ಒಮ್ಮೆ ಅತ್ತಿತು, ಬೆಕ್ಕಿನ ಮರಿಯ ಹಾಗೆ.

‘ಹಸಿವಿಗೆ ಸದ್ದಿಲ್ಲ’ ಎಂಬ ಆ ಸಾಲು ಬರೆದವರು ಗೋಡೆಯ ಈ ಕಡೆ ಇದ್ದವರು.

೧೮ ಜನವರಿ, ಗುರುವಾರ. ಮಧ್ಯಾಹ್ನ.

ಬಲಗೈ ಮಣಿಕಟ್ಟಿಗೆ ಅರಿವೆ ಸುತ್ತಿಕೊಂಡು ಹೋದೆ. ಬುಟ್ಟಿ ಎಡಗೈಯಲ್ಲಿ.

“ಫಕ್ಕೀರವ್ವಾ, ಕೈ ಉಳುಕೇದ. ರೊಟ್ಟಿ ಬಡೀಲಿಕ್ಕೆ ಆಗವಲ್ತು. ಬಡದು ಕೊಡ್ತೀಯೇನು? ಅರ್ಧಾ ನಿನಗ, ಅರ್ಧಾ ನನಗ.”

ನನ್ನ ಮುಖ ನೋಡಿದಳು. ಆಮೇಲೆ ಮಣಿಕಟ್ಟು ನೋಡಿದಳು. ಕಣ್ಣು ಗುಳಿ ಬಿದ್ದಿದ್ದರೂ ಅದರಲ್ಲಿ ಹಳೆಯ ಚೇಷ್ಟೆ ಇತ್ತು.

“ನಮ್ಮ ಕೈಯಾನ ರೊಟ್ಟಿ ನೀವು ಉಣತೀರಿ?”

“ಉಣತೀನಿ.”

“ಮನಿಗೆ ಒಯ್ದು?”

“ಹೂಂ. ಮನಿಗೆ ಒಯ್ದು.”

“ನಿಮ್ಮ ಬಾಗಿಲಿಗೆ ಬರೂ ಬಸವ ಭಾಳ ಚೊಲೋ ಮೈ ಹಿಡದೈತಿ ನೋಡ್ರಿ ಅಕ್ಕಾರ,” ಎಂದು ಒಳಗೆ ಹೋದಳು. ಬುಟ್ಟಿ ನನ್ನ ಕೈಯಲ್ಲೇ ಉಳಿಯಿತು.

ಅದೇ ದಿನ, ಸಂಜೆ.

ನನಗೆ ತಿಳಿಯುವ ಮೊದಲೇ ಅವಳಿಗೆ ತಿಳಿಯಿತು. ನನಗೆ ನಲವತ್ತೆಂಟು ವರ್ಷ ಆಯಿತು, ಬೇರೆ ಜಾತಿಯವರ ಒಲೆಯ ಒಂದು ತುತ್ತು ಬಾಯಿಗಿಟ್ಟವಳಲ್ಲ. ಜಾತಿ ಸುಳ್ಳೆಂಬ ಪದ್ಯವನ್ನು ತರಗತಿಯಲ್ಲಿ ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೇನೆ. ತಂದ ರೊಟ್ಟಿ ತಿನ್ನುತ್ತಿದ್ದೆನೇ? ಓಣಿಯವರು ಕೊಟ್ಟದ್ದನ್ನೆಲ್ಲ ಹಾಕುವ ಹಾಗೆ ಗುಡಿ ಬಸವನಿಗೆ ಹಾಕುತ್ತಿದ್ದೆನೇ?

ಮಣಿಕಟ್ಟಿನ ಅರಿವೆ ಬಿಚ್ಚಿದೆ. ಅವಳದೊಂದು ಅರಿವೆ, ನನ್ನದೊಂದು.

ಬರಿಗೈಯಲ್ಲಿ ಮತ್ತೆ ಹೋದೆ. ಬಾಗಿಲು ತೆರೆಯಲಿಲ್ಲ. ಮುಚ್ಚಿದ ಬಾಗಿಲಿಗೇ ಹೇಳಿದೆ, ಓಣಿಗೆ ಕೇಳದಷ್ಟು ಮೆಲ್ಲಗೆ: “ನಿನ್ನ ಹೆಸರು ಹೊಡದು ಹಾಕಿದಾಕಿ ನಾನು. ಸಪ್ಪಳ ಕೇಳಿ ಹೊಡದೆ. ಸಂಕ್ರಮಣದ ದಿನ ಬಂದಿದ್ದೆ. ನೋಡಿದೆ.”

ಒಳಗೆ ಉಸಿರು ಕೇಳುತ್ತಿತ್ತು.

೧೯ ಜನವರಿ, ಶುಕ್ರವಾರ. ಬೆಳಿಗ್ಗೆ ಆರು.

ಗೋಡೆಯಾಚೆ ಇವತ್ತೂ ಸದ್ದಿಲ್ಲ. ನನ್ನ ಒಲೆ ಉರಿಯುತ್ತಿದೆ. ಹಿಟ್ಟಿನ ಬುಟ್ಟಿ ಎದುರಿಗಿದೆ, ಮುಟ್ಟಿಲ್ಲ. ಕೂಸು...

ಇಷ್ಟು ಬರೆಯುವಷ್ಟರಲ್ಲಿ ಚಿಲಕ ಸದ್ದಾಯಿತು. ಫಕ್ಕೀರವ್ವ ಬಂದು ಹೋದಳು. ಎದ್ದು ಹೋಗಬೇಕು, ಅವಳೊಯ್ದ ಕೆಂಡ ಆರುವ ಮೊದಲು. ಅದಕ್ಕೂ ಮುಂಚೆ ಅವಳಂದದ್ದನ್ನು ಅಂದ ಹಾಗೆಯೇ ಬರೆದಿಡುತ್ತೇನೆ. ಕೈಯಲ್ಲಿ ಕುಳ್ಳಿನ ಚೂರು, ಹೊಸ್ತಿಲ ಹೊರಗೇ ನಿಂತಿದ್ದಳು:

“ಕೆಂಡ ಕೊಡ್ರಿ ಅಕ್ಕಾರ. ಬುಟ್ಟಿ ನೀವ ತರ್ರಿ. ಮನಿಗೆ ಒಯ್ಯೂ ಮಾತಿಲ್ಲ ಮತ್ತ. ನಮ್ಮ ಕಟ್ಟಿ ಮ್ಯಾಲ ಕುಂತು, ಓಣಿ ಮಂದೆಲ್ಲಾ ನೋಡೂ ಹಂಗ ಮೊದಲನೇ ರೊಟ್ಟಿ ನೀವು ಮುರೀಬೇಕು. ಅಕ್ಕಾರ ಕೈ ಉಳುಕೈತಿ, ಫಕ್ಕೀರವ್ವ ಉಣ್ಣಾಕ ಹಾಕ್ತಾಳ ಅನ್ನಲಿ ಮಂದಿ. ಆ ಅರಿವಿ ಕೈಗೆ ಸುತಗೊಂಡ ಬರ್ರಿ, ಮರೀಬ್ಯಾಡ್ರಿ...”