ನೀಲಿಗೆ ತಿರುಗಿದ ನಲವತ್ತೊಂದು ಚಿತ್ರಗಳು

ನವೆಂಬರ್ ೧೯, ಬುಧವಾರ

ಬೆಳಿಗ್ಗೆಯೇ ವಿಡಿಯೋ ಎಡಿಟರ್ ಫೋನಿನಲ್ಲಿ ರೇಗಿದ. "ಮಧ್ಯದಲ್ಲಿ ಬಣ್ಣ ಜಂಪ್ ಆಗ್ತಿದೆ ಮೇಡಂ. ಇದ್ದಕ್ಕಿದ್ದ ಹಾಗೆ ನೀಲಿ ಆಗುತ್ತೆ, ಆಮೇಲೆ ಸರಿಹೋಗುತ್ತೆ. ಎಲ್ಲಾ ಒಂದೇ ಥರ ಮಾಡಿ ಕಳ್ಸಿ."

ತಪ್ಪು ನನ್ನದೇ. ಎದುರಿನ ಕಟ್ಟಡ ಮೇಲೇಳುವುದನ್ನು ಕಿಟಕಿಯ ಗಾಜಿನ ಒಳಗಿನಿಂದ ನಿಮಿಷಕ್ಕೊಂದು ಫೋಟೋದಂತೆ ತೆಗೆಯುವಾಗ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲೇ ಬಿಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಗಾಜಿನಲ್ಲಿ ಕೆಂಪು ಬಣ್ಣ ಪ್ರತಿಫಲಿಸಿದರೆ ಸಾಕು, ಅದನ್ನು ಸರಿದೂಗಿಸಲು ಕ್ಯಾಮೆರಾ ಇಡೀ ಚಿತ್ರವನ್ನೇ ನೀಲಿ ಮಾಡಿಬಿಡುತ್ತದೆ. ಒಂದು ನೀಲಿ ಚಿತ್ರದ ಮೂಲೆಯನ್ನು ದೊಡ್ಡದು ಮಾಡಿ ನೋಡಿದೆ. ಅಕ್ಕನ ಕೆಂಪು ಸ್ವೆಟರ್.

ಆ ದಿನ ನೆನಪಿದೆ. ಟೀ ತಂದು, ಲೋಟ ಹಿಡಿದೇ ಕ್ಯಾಮೆರಾದ ಪಕ್ಕ ನಿಂತು, "ಒಂದು ಮಾತು ಹೇಳ್ಬೇಕಿತ್ತು ಕಣೇ" ಎಂದಳು. ಲ್ಯಾಪ್‌ಟಾಪಿನಿಂದ ತಲೆಯೆತ್ತದೆ "ಎರಡು ನಿಮಿಷ ಇರು" ಎಂದೆ. ಕೊನೆಗೆ ಅವಳೇ, "ಟೀ ಆರಿಹೋಯ್ತು, ಬಿಸಿ ಮಾಡ್ಕೊಂಡು ಕುಡಿ" ಎಂದು ಹೊರಟುಹೋದಳು. ಆಸ್ಪತ್ರೆಯ ರಿಪೋರ್ಟ್ ಅವತ್ತೇ ಬಂದಿತ್ತೆಂದು ಭಾವ ಹೇಳಿದ್ದು ಅವಳು ತೀರಿಕೊಂಡ ಮೇಲೆ.

ಅವಳು ನಿಂತಿದ್ದು ಐದು ನಿಮಿಷವೇನೋ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ನೀಲಿ ಚಿತ್ರಗಳನ್ನು ಎಣಿಸಿದೆ. ನಲವತ್ತೊಂದು.

ಒಂದೊಂದನ್ನೂ ಉಳಿದವುಗಳ ಬಣ್ಣಕ್ಕೆ ಹೊಂದಿಸಿ, ಮೂಲೆಯ ಕೆಂಪನ್ನೂ ಒರೆಸಿ ಕಳಿಸಿದೆ. "ಸೂಪರ್ ಮೇಡಂ, ಈಗ ಗೊತ್ತೇ ಆಗಲ್ಲ" ಎಂದು ಎಡಿಟರ್ ಮೆಸೇಜ್ ಹಾಕಿದ.

ಸಂಜೆ ಮೂಲ ಚಿತ್ರಗಳನ್ನು ತೆರೆದಿಟ್ಟು, ಅದೇ ಕಿಟಕಿಯ ಬಳಿ ನಿಂತು, ನಿಮಿಷಕ್ಕೊಂದರಂತೆ ನೋಡತೊಡಗಿದೆ. ಹದಿನೇಳನೆಯದಕ್ಕೇ ಕಾಲು ಸೋತು ಕುಳಿತುಬಿಟ್ಟೆ. ನನ್ನ ಕೈಯಲ್ಲಿ ಟೀ ಲೋಟವೂ ಇರಲಿಲ್ಲ.