ಬಾವುಟದ ಮೇಲೆ ಮಲಗಿದ ಕೂಸು

ಸಿಯೋಲ್, ಮಾರ್ಚ್ 1, 1999

ಅಮ್ಮಾ,

ನಿನ್ನ ಅತ್ತೆ ಕ್ಷೇಮ, ಸೊಂಟ ಮಾತ್ರ ಹಿಡಿದುಕೊಂಡಿದೆ. ಮುಂದಿನ ವಾರ ನಾವು ಬರುವಷ್ಟರಲ್ಲಿ ನೆಲದಡಿಯ ಒಲೆ ಉರಿಸಿ ಅವರ ಕೋಣೆಯ ನೆಲ ಕಾಯಿಸಿಡು. ತಪ್ಪು ನನ್ನದಲ್ಲ, ಕೇಳು.

ಇಲ್ಲಿನ ಮ್ಯೂಸಿಯಂನಲ್ಲಿ ಸ್ವಾತಂತ್ರ್ಯ ಹೋರಾಟದ ಪ್ರದರ್ಶನ ನಡೆದಿದೆ. ಜಪಾನಿಯರು ನಮ್ಮನ್ನು ಆಳುತ್ತಿದ್ದ ಕಾಲದ ಒಂದು ಕೋಣೆಯನ್ನು ಇದ್ದ ಹಾಗೇ ಕಟ್ಟಿದ್ದಾರೆ. ನೆಲದ ಮೇಲೆ ಕೌದಿ, ಅದರೊಳಗೆ ಬಚ್ಚಿಟ್ಟ, ಆಗ ನಿಷಿದ್ಧವಾಗಿದ್ದ ನಮ್ಮ ಬಾವುಟ. ಅಜ್ಜಿ ಹೊಸ್ತಿಲಲ್ಲಿ ಚಪ್ಪಲಿ ಬಿಚ್ಚಿ, ನೀಟಾಗಿ ಜೋಡಿಸಿಟ್ಟು, ಅಡ್ಡ ಕಟ್ಟಿದ್ದ ಹಗ್ಗ ದಾಟಿ ಒಳಗೆ ಹೋಗಿಯೇಬಿಟ್ಟರು!

ಕಾವಲುಗಾರ ಓಡಿಬಂದ. "ಅಜ್ಜಿ, ಒಳಗೆ ಹೋಗ್ಬಾರ್ದು!"

"ಚಪ್ಪಲಿ ಬಿಟ್ಟೇ ಬಂದಿದೀನಲ್ಲಪ್ಪ. ಬರೀ ಕೌದಿ ಹಾಸಿದ್ರೆ ಪೊಲೀಸರು ಎತ್ತಿ ನೋಡಲ್ವಾ? ಮೇಲೆ ಕೂಸು ಮಲಗಿರ್ಬೇಕು. ನಮ್ಮಮ್ಮ ನನ್ನನ್ನ ಹಾಗೇ ಮಲಗಿಸ್ತಿದ್ಲು."

ಅಷ್ಟು ಹೇಳಿ, ಕೌದಿಯ ಮೇಲೆ ಮುದುಡಿ ಮಲಗಿ ಕಣ್ಣು ಮುಚ್ಚಿದರು. ನಾನು ನಾಚಿಕೆಯಿಂದ ಸತ್ತೆ.

"ಏಳಿ ಅಜ್ಜಿ, ಎಲ್ಲಾರೂ ನೋಡ್ತಿದಾರೆ," ಎಂದು ಅವನು ಗೋಗರೆದ.

ಅಜ್ಜಿ ಕಣ್ಣು ತೆರೆಯದೆ ಪಿಸುಗುಟ್ಟಿದರು: "ಪೊಲೀಸರು ಹೋದ್ರಾ?"

ಕಾವಲುಗಾರ ತನ್ನ ಬೂಟು ಬಿಚ್ಚಿಟ್ಟು ಒಳಗೆ ಬಂದು, ಅವರ ಪಕ್ಕ ಮಂಡಿಯೂರಿದ.

"ಹೋದ್ರು ಅಜ್ಜಿ. ಎಲ್ಲಾರೂ ಹೋದ್ರು."

ನಿನ್ನ ಯೊನ್‌ಸಿಲ್