ನಾಲ್ಕು ತೂತಿನ ರೂಟರು

ಹಗರಿಬೊಮ್ಮನಹಳ್ಳಿ,
೧೪-೧೧-೨೦೦೮

ಮಗಳಂಥ ಸೊಸೆ ಭಾಗ್ಯಳಿಗೆ,

ನಿನ್ನ ಅತ್ತೆಯ ಆಶೀರ್ವಾದ. ನಾವೆಲ್ಲ ಇಲ್ಲಿ ಆರಾಮಿದ್ದೇವೆ. ನಿನ್ನ ಸೊಂಟದ ನೋವು ಇಳಿಯಿತೇ? ಕೂಸು ಹಾಲು ಸರಿಯಾಗಿ ಕುಡಿಯುತ್ತಾಳೆಯೇ? ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಅಂಗಳಕ್ಕೆ ಬರಬೇಡ, ಹರಪನಹಳ್ಳಿಯ ಗಾಳಿ ಈಗ ಥಂಡಿ. ಬಾಣಂತನದಲ್ಲಿ ನಿಮ್ಮವ್ವ ನನಗಿಂತ ಗಟ್ಟಿ ಎಂದು ಗೊತ್ತು, ಆದರೂ ಹೇಳದೆ ಇರಲು ನನ್ನ ಬಾಯಿ ಕೇಳುವುದಿಲ್ಲ. ದಿನಾ ಫೋನು ಮಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಇದನ್ನು ಫೋನಿನಲ್ಲಿ ಹೇಳಲು ಹೋದರೆ ನಾಲಿಗೆ ಏಳುವುದಿಲ್ಲ.

ಮನೆಗೆ ರೂಟರು ಬಂತು. ಇರುವುದೊಂದು ಇಂಟರ್‌ನೆಟ್ ಲೈನು, ಕಂಪ್ಯೂಟರು ಮೂರು: ಪಡಸಾಲೆಯಲ್ಲಿ ನಿನ್ನ ಗಂಡ ಪ್ರವೀಣನ ಬೀಜದಂಗಡಿಯದು, ಒಳಕೋಣೆಯಲ್ಲಿ ನಿನ್ನ ನಾದಿನಿ ಭೂಮಿಕಾಳ ಓದಿನದು, ಪಕ್ಕದ ಕೋಣೆಯಲ್ಲಿ ನೀನು ಅರ್ಜಿ, ಲಗ್ನಪತ್ರಿಕೆ ಮಾಡಿಕೊಡುವುದು. ಒಂದು ವೈರಿಗೆ ಮೂವರ ಜಗಳ ನೋಡಿ ನೋಡಿ ಸಾಕಾಗಿತ್ತು. "ನಾಲ್ಕು ತೂತಿಂದು ತರ್ರಿ, ವೈರ್ ಎಳಿಸ್ರಿ, ನಮ್ಮ ಮನಿ ಗೋಡಿ ಬಾಳ ದಪ್ಪ ಅದಾವು" ಎಂದು ನೀನು ಆಗಲೇ ಹೇಳಿದ್ದೆ. ನಾನು ಕೇಳಿದೆನೇ? "ಮನಿ ತುಂಬ ವೈರ್ ಎಳದು ಬಟ್ಟಿ ಒಣ ಹಾಕ್ತೀಯೇನ?" ಎಂದೆ. ಅಷ್ಟಕ್ಕೆ ಸುಮ್ಮನಾದರೆ ನಾನು ನಾಗಲಿಂಗಮ್ಮ ಹೇಗಾದೇನು! "ಕೂಸು ಬಂದ ಮ್ಯಾಲೆ ಆ ಟೈಪಿಂಗ್ ಸಾಕು ಮಾಡು, ನಿಂಗ್ಯಾಕ ಇಂಟರ್‌ನೆಟ್ಟು?" ಅಂದುಬಿಟ್ಟೆ. ನೀನು ನಿನ್ನ ಕಂಪ್ಯೂಟರಿಗೆ ಹಳೇ ಸೀರೆ ಹೊದಿಸಿ ತವರಿನ ಬಸ್ಸು ಹತ್ತಿದೆ. ಆ ಮುಖ ಇನ್ನೂ ನನ್ನ ಕಣ್ಣಲ್ಲಿದೆ.

ಪ್ರವೀಣ ಹೊಸಪೇಟೆಗೆ ಹೋಗಿ ಎರಡು ಕೊಂಬಿನದನ್ನು ತಂದ. "ವೈರ್ ಬ್ಯಾಡ ಯವ್ವಾ, ಗಾಳಿಯಾಗ ಬರತೈತಿ" ಅಂದ. ಅದನ್ನು ಅಣ್ಣ ತಂಗಿ ಸೇರಿ ಪಡಸಾಲೆಯ ಗೂಡಿನಲ್ಲಿ ಇಟ್ಟರು. ಅವರು ಅತ್ತ ಹೋದರು, ನಾನು ಹಲ್ಲಿ ಬಿದ್ದೀತು, ಧೂಳು ಕೂತೀತು ಎಂದು ನಮ್ಮ ಹಿತ್ತಾಳೆ ಬೋಗುಣಿಯನ್ನು ಅದರ ಮೇಲೆ ಬೋರಲು ಹಾಕಿದೆ. ಹಾಲು ಮುಚ್ಚುತ್ತೇವೆ, ಮೊಸರು ಮುಚ್ಚುತ್ತೇವೆ, ಹೊಸ ಸಾಮಾನು ಮುಚ್ಚದೆ ಇಡುವುದುಂಟೇ? ಎರಡು ದಿನ ಯಾವ ಕಂಪ್ಯೂಟರಿಗೂ ಇಂಟರ್‌ನೆಟ್ಟಿಲ್ಲ. ಪ್ರವೀಣ ಹೊಸಪೇಟೆಯ ಅಂಗಡಿಯವರಿಗೆ ಬಾಯಿಗೆ ಬಂದಂತೆ ಬೈದು, ನಾನೇ ಬೋಗುಣಿ ತೆಗೆದು ಕೊಟ್ಟ ಡಬ್ಬಿ ಹೊತ್ತುಕೊಂಡು ಹೋದರೆ ಅಲ್ಲಿ ಚೆನ್ನಾಗಿ ನಡೆಯಿತಂತೆ! ಪೆಚ್ಚು ಮೋರೆ ಹಾಕಿಕೊಂಡು ತಿರುಗಿ ತಂದ. ನಾನು ಮತ್ತೆ ಮುಚ್ಚಿದೆ. ಕೊನೆಗೆ ಭೂಮಿಕಾ ಬೋಗುಣಿ ಎತ್ತಿ ನೋಡಿದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲಿ ಬಿಡು, ನಕ್ಕು ಎಷ್ಟು ದಿನವಾಗಿತ್ತೋ. ಬೋಗುಣಿ ತೆಗೆದರೂ ಒಳಕೋಣೆಗೆ ಇಂಟರ್‌ನೆಟ್ಟು ಬರಲಿಲ್ಲ. ಒಂದೂವರೆ ಮೊಳದ ಕಲ್ಲುಗೋಡೆ, ಹೇಗೆ ಬಂದೀತು? "ಅತ್ತಿಗಿ ಹೇಳಿದ್ದ ಖರೆ ಆತು ನೋಡು" ಎಂದಳು ಭೂಮಿಕಾ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೈಸಿಕೊಂಡ ಅಂಗಡಿಯವರೇ, ಪುಣ್ಯಾತ್ಮರು, ಒಂದು ಮಾತಾಡದೆ ನೀನು ಹೇಳಿದ ನಾಲ್ಕು ತೂತಿನದನ್ನೇ ಬದಲಿಗೆ ಕೊಟ್ಟರು. ವೈರಿಂಗ್ ಮಾಡುವ ಬೊಮ್ಮಪ್ಪ ಬಂದು ಗೋಡೆ ಕೊರೆದು ವೈರು ಎಳೆದ. ಈಗ ಜಗಳವಿಲ್ಲ. ಇದೆಲ್ಲ ನಿನ್ನ ಬುದ್ಧಿ ಮಗಳೇ, ನಿನ್ನಿಂದ ಬಹಳ ಉಪಕಾರವಾಯಿತು.

ಇನ್ನೊಂದು ಸಂಗತಿ. ಮೊನ್ನೆ ಹಿಂದಿನ ಓಣಿಯ ಎರ್ರಮ್ಮ ಮಗಳ ನರ್ಸಿಂಗ್ ಅರ್ಜಿ ತೆಗೆಸಲು ಬಂದಿದ್ದಳು. ಮರುದಿನವೇ ಕೊನೆಯ ತಾರೀಖು. ಪ್ರವೀಣನಿಗೆ ತಿಳಿಯಲಿಲ್ಲ, ಭೂಮಿಕಾ ಕಾಲೇಜಿಗೆ ಹೋಗಿದ್ದಳು. ಕೂಲಿ ಬಿಟ್ಟು ಬಂದ ಹೆಂಗಸು ಹೊಸಪೇಟೆ ಬಸ್ಸಿಗೆ ಓಡಬೇಕಾಯಿತು. "ಭಾಗ್ಯಮ್ಮ ಇದ್ದಿದ್ರ ಕುಂತಲ್ಲೇ ಆಗತಿತ್ತು, ಯಾವಾಗ ಬರ್ತಾಳ್ರಿ?" ಎಂದು ಕೇಳಿದಳು. ನೀನು ಆ ಕೋಣೆಯಲ್ಲಿ ಕೂತು ಎಷ್ಟು ಮನೆಗಳಿಗೆ ಆಸರೆಯಾಗಿದ್ದೆ ಎಂಬುದು ನನಗೆ ಅವತ್ತು ತಿಳಿಯಿತು. ನಾನಂದ ಮಾತು ತಪ್ಪು ಮಗಳೇ, ಮನಸ್ಸಿನಿಂದ ತೆಗೆದುಹಾಕು.

ಬೀಗರಿಗೆ ನಮ್ಮೆಲ್ಲರ ಶರಣು ತಿಳಿಸು. ಕೂಸಿಗೆ ದೃಷ್ಟಿ ತೆಗೆ. ಕೊಟ್ಟೂರು ಬಸವೇಶ್ವರ ತಾಯಿ ಮಗಳನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅತ್ತೆ,
ನಾಗಲಿಂಗಮ್ಮ

ತಾ.ಕ.: ಪೋಸ್ಟಿನ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ವೈರು ಎಳೆಯುವಾಗ ಪ್ರವೀಣ "ಎರಡು ಕಡಿ ಸಾಕು, ಆಕಿ ಇನ್ನ ಟೈಪಿಂಗ್ ಮಾಡಂಗಿಲ್ಲ" ಎಂದ. ನನ್ನ ಮಾತೇ ನನಗೆ ಚುಚ್ಚಿತು. ಮೂರನೆಯ ವೈರನ್ನು ನಾನೇ ನಿಂತು ನೀನೂ ಕೂಸೂ ಮಲಗುವ ಕೋಣೆಗೆ ಎಳೆಸಿದ್ದೇನೆ. ನಿನ್ನ ಕಂಪ್ಯೂಟರು, ಪ್ರಿಂಟರು ಅಲ್ಲಿಗೇ ಬಂದಿವೆ. ತೊಟ್ಟಿಲು ತೂಗುವುದು ನನ್ನ ಕೆಲಸ. ಬಾಗಿಲಿಗೆ ಬೋರ್ಡು ಬರೆಯಲು ಪೇಂಟರ್ ಬುಧವಾರ ಬರುತ್ತಾನೆ. ಪ್ರವೀಣ ತನ್ನ ಬೀಜದಂಗಡಿಯ ಹೆಸರೇ ಇರಲಿ ಅಂದ, ನಾನು ಒಪ್ಪಲಿಲ್ಲ. ಮೇಲೆ ದೊಡ್ಡದಾಗಿ ನಿನ್ನ ಹೆಸರು ಬರೆಸುತ್ತೇನೆ. ಅದರ ಕೆಳಗೆ ಏನೇನು ಕೆಲಸ ಬರೆಸಬೇಕೋ, ಅಷ್ಟರೊಳಗೆ ಫೋನು ಮಾಡಿ ಹೇಳು.